ಕರೆಮ್ಮನ ಹೊಂಡದಲ್ಲಿ ಒಂದು ‘ಓ’

ಮೈಲಾರಲಿಂಗಪ್ಪ ಜಂಬಮ್ಮನನ್ನು ಮೊದಲು ಕಂಡದ್ದು ಜವಳಗೇರಾದಲ್ಲಿ, ಅವಳಪ್ಪನ ಪಡಸಾಲೆಯಲ್ಲಿ, ೧೯೭೯ರ ಮಾಘ ಮಾಸದ ಒಂದು ಸೋಮವಾರ, ಬೆಳಗಿನ ಹತ್ತು ಗಂಟೆಗೆ. ಹಸಿರು ಇಳಕಲ್ ಸೀರೆಯುಟ್ಟ ಹುಡುಗಿ ಹಿತ್ತಾಳೆ ತಂಬಿಗೆ ತಂದಿಟ್ಟಳು. ಮನೆತನಕ್ಕೇ ಮೊದಲ ಬಿ.ಎಸ್ಸಿ. ಆಗಿದ್ದ ವರ ಮಹಾಶಯ ತಂಬಿಗೆಯೊಳಗೆ ಇಣುಕಿ, “ಕಾಲುವಿ ನೀರೇನ್ರಿ ಇದು? ಇದರಾಗ ಸೂಕ್ಷ್ಮಜೀವಿ ಇರ್ತಾವ” ಎಂದ. ಹುಡುಗಿ ತಲೆ ಎತ್ತಲಿಲ್ಲ. ಒಂದು ಅರಿವೆ ತರಿಸಿ, ನಾಲ್ಕು ಮಡಿಕೆ ಮಾಡಿ, ಎಲ್ಲರ ಎದುರಿಗೇ ನೀರು ಸೋಸಿ ಮುಂದಿಟ್ಟಳು. “ಈಗ ಕುಡೀರಿ. ನಿಮ್ಮ ಜೀವಿಗಳು ಅರಿವ್ಯಾಗ ಅದಾವ, ಬೇಕಾದ್ರ ಎಣಿಸಿಕೊಳ್ರಿ.”

ಕುಡಿದ. ಅಂದಿನಿಂದ ಅವಳು ಕೊಟ್ಟದ್ದನ್ನು ಕುಡಿಯುತ್ತಲೂ, ಅವಳು ‘ಕೇಳಿಸ್ತೇನ್ರೀ’ ಎಂದು ಕರೆದಾಗ ‘ಓ’ ಎನ್ನುತ್ತಲೂ ಬಂದಿದ್ದ.

ಎಂಟು ವರ್ಷ ಕಳೆದವು. ಮೈಲಾರಲಿಂಗಪ್ಪ ಲಿಂಗಸುಗೂರಿನಲ್ಲಿ ಆರೋಗ್ಯ ಸಹಾಯಕನಾಗಿದ್ದ. ಮಸ್ಕಿಯ ಗುಡ್ಡ ನೋಡಲು ಬಂದಿದ್ದ ಪರದೇಶದ ಸಾಹೇಬನೊಬ್ಬ, ದಾರಿ ತೋರಿಸಿದ ಉಪಕಾರಕ್ಕೆ, ಚೀಲದಲ್ಲಿಟ್ಟುಕೊಂಡು ತಿರುಗುವ ನೀರು ಸೋಸುವ ಮಶೀನೊಂದನ್ನು ಅವನಿಗೆ ಕೊಟ್ಟು ಹೋದ. ಒಂದು ಕೊಳವೆ ಹೊಂಡಕ್ಕೆ, ಒಂದು ಕೊಳವೆ ತಂಬಿಗೆಗೆ, ನಡುವೆ ಒತ್ತುವ ಹಿಡಿಕೆ.

“ಸೈಕಲ್ಲಿಗೆ ಗಾಳಿ ಹೊಡಿಯೋದಲ್ಲೇನ್ರಿ ಇದು?” ಎಂದಳು ಜಂಬಮ್ಮ.

“ಜಲಶುದ್ಧೀಕರಣ ಯಂತ್ರ! ಗಟಾರದಾಗ ಇಟ್ರೂ ತೀರ್ಥ ಕೊಡತೈತಿ.”

“ಗಟಾರದಾಗ ಯಾಕ ಇಡಬೇಕು ಅಂತೀನಿ ನಾ.”

(ಈ ಪ್ರಶ್ನೆಗೆ ವಿಜ್ಞಾನ ಇನ್ನೂ ಉತ್ತರ ಕಂಡುಹಿಡಿದಿಲ್ಲ.)

ಆ ಬೇಸಿಗೆಯಲ್ಲಿ ಮಸ್ಕಿ ಗುಡ್ಡದ ಹಿಂದೆ, ದೊಡ್ಡಿ ಎಂದು ಕರೆಯುವ ಪುಟ್ಟ ಹಳ್ಳಿಯಲ್ಲಿ, ಹನ್ನೊಂದು ಜನ ನಾರುಹುಣ್ಣಿನಿಂದ ಮಲಗಿದ್ದರು. ಹುಣ್ಣಿನ ಕಾಲಿನಲ್ಲೇ ಮೆಟ್ಟಿಲು ಬಾವಿಗಿಳಿಯುವುದು, ಹುಳುವಿನ ಮರಿ ಬಿದ್ದ ಅದೇ ನೀರು ಕುಡಿಯುವುದು. ಮುದುಕಮ್ಮನೆಂಬ ಅಜ್ಜಿಯಂತೂ ಮೀನಖಂಡದಿಂದ ಹೊರಬಂದ ನಾರುಹುಳುವನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದು ಬೆರಳಷ್ಟು ಎಳೆಯುತ್ತ ಕೂತಿದ್ದಳು. ಮೇಲೆ ಬಂಡೆಯ ಗವಿಯಲ್ಲಿ ಯಾರ ಕಾಲೂ ಸೋಕದ ತಣ್ಣನೆಯ ಹೊಂಡವಿತ್ತು. ಅಲ್ಲಿಗೆ ಮಾತ್ರ ಯಾರೂ ಹೋಗುತ್ತಿರಲಿಲ್ಲ.

“ಅದು ಕರೆಮ್ಮನ ಹೊಂಡ ಸಾಹೇಬ್ರ,” ಎಂದ ದೊಡ್ಡಿಯ ಹಿರಿಯ ದುರುಗಪ್ಪ, ತಪಾಸಣೆಗೆ ಬಂದ ಮೈಲಾರಲಿಂಗಪ್ಪನಿಗೆ. “ನಮ್ಮ ಮುತ್ಯಾನ ಕಾಲದಾಗ ನೀರಿಗೆ ಹೋದಾಕಿ ಬರಲೇ ಇಲ್ಲ. ಈಗೂ ಮಟಮಟ ಮಧ್ಯಾಹ್ನ ಗಂಡನ್ನ ಕರೀತಾಳ. ಗರತಿ ನೋಡ್ರಿ, ಹೆಸರು ಹಿಡಿಯಂಗಿಲ್ಲ. ‘ಕೇಳಿಸ್ತೇನ್ರೀ’ ಅಂತಾಳ. ‘ಓ’ ಅಂದ್ರ ಮುಗೀತು, ನೀರು ನೆತ್ತರಾಕ್ಕೈತಿ.”

“ನಾಳೆ ಮಧ್ಯಾಹ್ನವೇ ಹೋಗಿ ಕುಡಿದು ತೋರಿಸ್ತೀನಿ. ತಿರುಗಿ ಬಂದ್ರ ನೀವೆಲ್ಲಾ ಅದನ್ನ ಕುಡೀಬೇಕು.”

“ಬರದಿದ್ರ?” ಎಂದಳು ಮುದುಕಮ್ಮ, ಕಡ್ಡಿ ತಿರುವುತ್ತ.

ಮರುದಿನ ಜಂಬಮ್ಮನೂ ಬಂದಳು. ದೊಡ್ಡಿಯಲ್ಲಿ ಒಂದು ಕೊಡ ಕಡ ತೆಗೆದುಕೊಂಡಳು. “ನಿಮ್ಮ ಮಶೀನು ತಂಬಿಗಿ ತುಂಬೋದ್ರಾಗ ಸಂಜಿ ಆಕ್ಕೈತಿ,” ಎಂದು ಗವಿಯ ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಳು. ಮೈಲಾರಲಿಂಗಪ್ಪ ಒಬ್ಬನೇ ಒಳಗೆ ಹೋದ.

ಹೊರಗೆ ಬಂಡೆ ಸಿಡಿಯುವ ಬಿಸಿಲು. ಒಳಗೆ ಮೈ ಜುಮ್ಮೆನ್ನುವ ಥಂಡಿ. ಬಾವಲಿಯೂ ಇರಲಿಲ್ಲ. ನೀರು ಕಪ್ಪಗೆ, ಕಣ್ಣು ತೆರೆದು ಮಲಗಿದವರಂತೆ ಬಿದ್ದಿತ್ತು. ಕೊಳವೆ ಇಳಿಬಿಟ್ಟು ಹಿಡಿಕೆ ಒತ್ತಿದ. ಕುಂಯ್… ಎಂದಿತು ಮಶೀನು. ಗವಿಯ ಆಚೆ ತುದಿಯಲ್ಲಿ ಯಾರೋ ಕುಂಯ್… ಎಂದು ನರಳಿದರು. ‘ಪ್ರತಿಧ್ವನಿ, ಪಿ.ಯು.ಸಿ. ಭೌತಶಾಸ್ತ್ರ’ ಎಂದು ಧೈರ್ಯ ಹೇಳಿಕೊಂಡು ಮತ್ತೆ ಒತ್ತಿದ. ಈ ಸಲ ನರಳಿಕೆ ಒಂದು ಕ್ಷಣ ಮೊದಲೇ ಬಂದಂತಿತ್ತು.

ಆಮೇಲೆ, ನೀರಿನ ಮೇಲಿನಿಂದ, ಮೆಲ್ಲಗೆ: “ಕೇಳಿಸ್ತೇನ್ರೀ…”

“ಓ!” ಎಂದುಬಿಟ್ಟ. ಎಂಟು ವರ್ಷದ ರೂಢಿ. ನಾಲಿಗೆ ಬುದ್ಧಿಯನ್ನು ಕೇಳಿ ಹೊರಳುವುದಿಲ್ಲ.

ಅಂದ ಮೇಲೆ ನೆನಪಾಯಿತು. ಕೈ ಮಾತ್ರ ಹಿಡಿಕೆ ಒತ್ತುತ್ತಲೇ ಇತ್ತು. ತಂಬಿಗೆ ನೋಡಿದ. ಕೊಳವೆಯಿಂದ ಕೆಂಪಗೆ, ದಪ್ಪಗೆ, ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು.

ವಿಜ್ಞಾನ ಪದವೀಧರ ಗುಡ್ಡ ಇಳಿದದ್ದನ್ನು ಯಾರೂ ಸರಿಯಾಗಿ ನೋಡಲಿಲ್ಲ. ನೋಡುವಷ್ಟು ಹೊತ್ತು ಅವನು ಎಲ್ಲಿಯೂ ನಿಂತಿರಲಿಲ್ಲ. ಒಂದು ಚಪ್ಪಲಿಯಲ್ಲಿ ಬಂದು ಮುದುಕಮ್ಮನ ಮುಂದೆ ಬಿದ್ದ. “ನೆತ್ತರ… ಓ ಅಂದ್ನಿ…”

“ಹೇಳಿದ್ದಿಲ್ಲೇನ್ರಿ?” ಎಂದ ದುರುಗಪ್ಪ. “ಅಲ್ಲಾ, ನಿಮ್ಮ ಮನಿಯಾಕಿ ಎಲ್ಲಿ?”

ಆಗಲೇ ಅವನಿಗೆ ಹೆಂಡತಿ ಇರುವುದು ನೆನಪಾದದ್ದು. ಎಲ್ಲರೂ ಗುಡ್ಡ ನೋಡಿದರು. ಬಿಸಿಲುಗುದುರೆಯ ನಡುವೆ ಒಬ್ಬ ಹೆಂಗಸು ಇಳಿದು ಬರುತ್ತಿದ್ದಳು. ತಲೆಯ ಮೇಲೆ ಕೊಡ, ಬಿಚ್ಚಿದ ಕೂದಲು, ಮೊಣಕೈವರೆಗೆ ಕೆಂಪು. ಮುದುಕಮ್ಮ ಕಡ್ಡಿ ಬಿಟ್ಟು ಕೈ ಮುಗಿದಳು. “ಕರೆವ್ವಾ, ನನ್ನ ಕಾಲು ನೋಡವ್ವಾ!”

“ಕರೆವ್ವ ಅಲ್ಲಬೇ, ಜಂಬವ್ವ,” ಎಂದಿತು ಆಕೃತಿ. “ಹೊಸ ಮಶೀನು ಪೂಜಿ ಮಾಡಲಾರದ ಹೆಂಗ ಕಳಸಲಿ? ನಮ್ಮಪ್ಪ ಪಂಪಸೆಟ್ಟಿಗೆ ಮಾಡ್ತಿದ್ದಂಗ ನೀರು ಬರೋ ಬಾಯಾಗ ಒಂದು ಹಿಡಿ ಕುಂಕುಮ ಹಾಕಿದ್ನಿ. ಇವರು ಬಿಟ್ಟು ಓಡಿದ ಮಶೀನು ತೊಳೆಯೋದ್ರಾಗ ಕೈಯೆಲ್ಲಾ ಕೆಂಪಾತು, ತುರುಬು ಬಿಚ್ಚಿತು. ನೀರು ಮಾತ್ರ ಅರಿವ್ಯಾಗ ಸೋಸೀನಿ.” ಮೊದಲು ತಾನು ಕುಡಿದಳು. ಆಮೇಲೆ ಮುದುಕಮ್ಮ ಕುಡಿದಳು. ಸಂಜೆಯೊಳಗೆ ದೊಡ್ಡಿಯ ಕೊಡಗಳೆಲ್ಲ ಗುಡ್ಡ ಹತ್ತಿದವು.

ಮಸ್ಕಿಯಿಂದ ತಿರುಗಿ ಬರುವ ಬಸ್ಸಿನಲ್ಲಿ ಮೈಲಾರಲಿಂಗಪ್ಪ ಗೊಣಗಿದ. “ಪೂಜಿ ಇರಲಿ. ಆ ಹೊತ್ತಿನಾಗ ನೀ ಯಾಕ ಕರದಿ?”

“ನಾ ಎಲ್ಲಿ ಕರದ್ನಿ? ಬಾಯಿ ತುಂಬ ಎಲಿ ಅಡಿಕಿ ಇತ್ತಲ್ರೀ,” ಎಂದಳು ಜಂಬಮ್ಮ. ಆಮೇಲೆ ಗಂಡನ ಕಡೆ ಹೊರಳಿ, “ನೀವು ‘ಓ’ ಅಂದದ್ದು ಯಾರಿಗೆ?” ಎಂದು ಕೇಳಿದಳು.

ಮೈಲಾರಲಿಂಗಪ್ಪ ಈಗ ಸಿಂಧನೂರು ತಾಲೂಕಿನ ಊರೂರಿಗೆ ಹೋಗಿ ನೀರು ಸೋಸುವ ಅರಿವೆ ಹಂಚುತ್ತಾನೆ. ಹೆಂಡತಿ ಕರೆದರೆ ಎದ್ದು ಹೋಗಿ, ಮುಖ ನೋಡಿ, ಆಮೇಲೆ ‘ಓ’ ಎನ್ನುತ್ತಾನೆ.