ಕೆಂಪು ಚುಕ್ಕೆ ಬಿದ್ದ ಕೀಬೋರ್ಡ್

ನನಗೊಂದು ಚಟವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವ ವಸ್ತು ಕಂಡರೂ ಒಂದು ಸಲ ಒತ್ತಿ ನೋಡದೆ ನನ್ನ ಕೈ ಸುಮ್ಮನಿರುವುದಿಲ್ಲ. ಪೀಣ್ಯದ ಒಂದು ಸ್ಪ್ರಿಂಗ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಇನ್‌ಸ್ಪೆಕ್ಟರು. ಪೊಲೀಸ್ ಇನ್‌ಸ್ಪೆಕ್ಟರಲ್ಲ, ತಯಾರಾದ ಸ್ಪ್ರಿಂಗುಗಳನ್ನು ಒತ್ತಿ, ಅಳೆದು, ಸರಿಯಿಲ್ಲದ್ದರ ಮೇಲೆ ಕೆಂಪು ಬಣ್ಣದ ಚುಕ್ಕೆಯಿಟ್ಟು ಪಕ್ಕಕ್ಕೆ ಹಾಕುವವನು. ಆ ಚುಕ್ಕೆ ಬಿದ್ದ ಮಾಲು ಮತ್ತೆ ಒಳ್ಳೆಯ ಮಾಲಿನೊಳಗೆ ಸೇರುವಂತಿಲ್ಲ. ಇಂಥ ಕೆಲಸ ಮಾಡಿದವನ ಕೈ ಮನೆಗೆ ಬಂದ ಮೇಲೂ ಕೆಲಸ ಬಿಡುವುದಿಲ್ಲ. ಒಮ್ಮೆ ನನ್ನ ಷಡ್ಡಕನ ಮನೆಯಲ್ಲಿ ಹೊಸ ಸೋಫಾದ ಮೇಲೆ ನಾಲ್ಕು ಸಲ ಎದ್ದು ಕೂತು, "ಎಡಗಡೆಯದು ಆರು ತಿಂಗಳಿಗೆ ಕುಸಿಯುತ್ತೆ ನೋಡಿ" ಎಂದಿದ್ದೆ. ಅದು ಐದೇ ತಿಂಗಳಿಗೆ ಕುಸಿಯಿತು. ಆದರೆ ಷಡ್ಡಕ ಮಾತು ಬಿಟ್ಟದ್ದು ಸೋಫಾ ಮಾರಿದವನ ಜೊತೆಯಲ್ಲ, ನನ್ನ ಜೊತೆ.

ಇಷ್ಟನ್ನು ಹೇಳಿದ್ದು ಕೀಬೋರ್ಡಿನ ವಿಷಯಕ್ಕೆ ಬರಲಿಕ್ಕೆ. ಬಾಗಲಗುಂಟೆಯಲ್ಲಿರುವ ನಮ್ಮ ಬಾಡಿಗೆ ಮನೆಗೆ ಒಂದು ಹಾಲ್, ಆ ಹಾಲ್‌ಗೆ ಒಂದು ಊಟದ ಮೇಜು. ಆ ಮೇಜಿನ ಒಂದು ತುದಿಯಲ್ಲಿ ಸಂಜೆ ಆರೂವರೆಯಿಂದ ಎಂಟರವರೆಗೆ ನನ್ನ ಹೆಂಡತಿ ಸುಮಿತ್ರ ಲ್ಯಾಪ್‌ಟಾಪ್ ಮುಂದೆ ಕೂತು ಏಳನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಇನ್ನೊಂದು ತುದಿಯಲ್ಲಿ ನನ್ನ ಹಳೆಯ ಕಂಪ್ಯೂಟರು. ನಮ್ಮ ಬೀದಿಯ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ; ನೀರು ಬರದ ಬಗ್ಗೆ, ಬಂದರೆ ಅದರ ಬಣ್ಣದ ಬಗ್ಗೆ ಅರ್ಜಿ ಟೈಪ್ ಮಾಡುವುದು ನನ್ನ ಕರ್ತವ್ಯ. ಅರ್ಜಿ ಮುಗಿದ ಮೇಲೆ, ನಲವತ್ತೊಂಬತ್ತು ವರ್ಷದ ನಾನು, ಬಂದೂಕು ಹಿಡಿದು ಪಾಳುಬಿದ್ದ ಊರೊಂದರಲ್ಲಿ ಶತ್ರುಗಳನ್ನು ಹುಡುಕುತ್ತ ಓಡುತ್ತೇನೆ. ಕಂಪ್ಯೂಟರಿನೊಳಗೆ ಮಾತ್ರ. ಹೊರಗೆ ಮಹಡಿ ಹತ್ತಿದರೂ ಏದುಸಿರು.

ಒಂದು ಸಂಜೆ ಸುಮಿತ್ರ ಭಿನ್ನರಾಶಿ ವಿವರಿಸುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು, "ಮಿಸ್, ನಿಮ್ಮನೇಲಿ ಯಾರೋ ಪಾಪ್‌ಕಾರ್ನ್ ಹುರೀತಿದಾರಾ?" ಮಿಕ್ಕ ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಸುಮಿತ್ರ ನಗಲಿಲ್ಲ. ಆ ವಾರವೇ ಇಬ್ಬರು ಮಕ್ಕಳ ತಾಯಂದಿರು, ಪಾಠಕ್ಕಿಂತ ಸದ್ದೇ ಹೆಚ್ಚು ಕೇಳಿಸುತ್ತದೆ ಎಂದು ಮಕ್ಕಳನ್ನು ಬಿಡಿಸಿದರು. ಶಾಲೆಯ ಕೆಲಸ ಬಿಟ್ಟ ಮೇಲೆ ಮೂರು ಮಕ್ಕಳಿಂದ ಶುರುಮಾಡಿ ಅವಳು ಕಟ್ಟಿದ ತರಗತಿ ಅದು. ಅಂದು ಊಟಕ್ಕೆ ಬಡಿಸುತ್ತ ಅವಳು ಜಗಳವಾಡಲಿಲ್ಲ, ಅದಕ್ಕೇ ನನಗೆ ಭಯವಾಯಿತು. "ರೀ, ನಾನು ಹೇಳ್ಕೊಡೋದನ್ನ ನಿಲ್ಲಿಸ್ಲಾ, ನೀವು ಕುಟ್ಟೋದನ್ನ ನಿಲ್ಲಿಸ್ತೀರಾ? ಇನ್ನೊಂದು ಮಗು ಬಿಟ್ರೆ ನಿಮ್ಮ ಕಂಪ್ಯೂಟರ್ ಮಂಚದ ಕೆಳಗೆ ಹೋಗತ್ತೆ" ಅಂದಳು. ನಾನು ಸದ್ದು ಮಾಡದ ಕೀಬೋರ್ಡ್ ತರುತ್ತೇನೆ ಎಂದು ಮಾತು ಕೊಟ್ಟೆ.

ಕೀಬೋರ್ಡ್ ಎಂದರೆ ಕೀಬೋರ್ಡ್ ಎಂದೇ ನಾನು ತಿಳಿದಿದ್ದೆ. ಕಣ್ಣು ತೆರೆಸಿದವನು ನಮ್ಮ ಕಾರ್ಖಾನೆಯ ಯಂತ್ರ ನಡೆಸುವ ಬಸವರಾಜ. ಗದಗಿನ ಕಡೆಯವನು, ಮಾದನಾಯಕನಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದಾನೆ. ಸಂಜೆಯ ಯುದ್ಧದಲ್ಲಿ ನನ್ನ ಜೊತೆಗಾರನೂ ಅವನೇ. "ಸರ, ಸಾದಾದ್ದು ಬ್ಯಾಡ್ರೀ, ಮೆಕ್ಯಾನಿಕಲ್ ತಗೋರಿ. ಒಂದೊಂದು ಕೀ ಕೆಳಗ ಒಂದೊಂದು ಸ್ವಿಚ್ ಇರ್ತದ, ಅದರಾಗ ಒಂದು ಸ್ಪ್ರಿಂಗ್" ಅಂದ. ಸ್ಪ್ರಿಂಗ್! ಇಷ್ಟು ವರ್ಷ ನನ್ನ ಬೆರಳಿನ ಕೆಳಗೆ ಸ್ಪ್ರಿಂಗ್ ಇರಬಹುದಾದ ಒಂದು ಲೋಕವಿತ್ತು, ನನಗೆ ಯಾರೂ ಹೇಳಿರಲಿಲ್ಲ. ಅವನು ಮುಂದುವರಿಸಿದ: "ನೀಲಿ ಸ್ವಿಚ್ ಟಕ್ ಅಂತದ, ಟೈಪ್ ಮಾಡಾಕ ಮಜಾ. ಕಂದುದು ನಡುವ ಒಂದು ಸಣ್ಣ ಉಬ್ಬು ಹತ್ತತದ. ಕೆಂಪುದು ಸೀದಾ ಇಳೀತದ, ಆಟಕ್ಕ ಚಲೋ. ಸಪ್ಪಳನ ಬ್ಯಾಡ ಅಂದ್ರ ಒಳಗ ರಬ್ಬರ್ ಇಟ್ಟ ಕೆಂಪುದು ಬರ್ತದ್ರೀ." ಮರುದಿನ ತನ್ನದೇ ಒಂದು ಸ್ಯಾಂಪಲ್ ಪಟ್ಟಿ ತಂದುಕೊಟ್ಟ. ಅಂಗೈಯಗಲದ ಹಲಗೆ, ಅದರಲ್ಲಿ ಒಂಬತ್ತು ಬಗೆಯ ಸ್ವಿಚ್ಚು, ಪ್ರತಿಯೊಂದಕ್ಕೂ ಬಿಳಿ ಟೋಪಿ.

ಆ ಪಟ್ಟಿ ಕೈಗೆ ಬಂದ ಮೇಲೆ ನನಗೆ ಬೇರೇನೂ ಬೇಡವಾಯಿತು. ಊಟದ ಬಿಡುವಿನಲ್ಲಿ ಅದನ್ನು ನಮ್ಮ ಲೋಡ್ ಟೆಸ್ಟರಿನ ಕೆಳಗಿಟ್ಟೆ. ಲಾರಿಯ ಸ್ಪ್ರಿಂಗ್ ಒತ್ತಿ ಅಭ್ಯಾಸವಿರುವ ಆ ಯಂತ್ರದ ಮುಳ್ಳು ನನ್ನ ಸ್ವಿಚ್ಚನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸಂಜೆ ಮನೆಗೆ ಬಂದು ಅಡುಗೆಮನೆಯ ಚಿಕ್ಕ ತಕ್ಕಡಿಯ ಮೇಲಿಟ್ಟು, ಒಂದೊಂದೇ ಕೀ ಒತ್ತುತ್ತ ಗ್ರಾಂ ಬರೆದುಕೊಂಡೆ. ಎಷ್ಟು ಒತ್ತಿದರೆ ಕೀ ತಳ ಮುಟ್ಟುತ್ತದೆ, ಬಿಟ್ಟಾಗ ಎಷ್ಟು ಬೇಗ ಏಳುತ್ತದೆ, ಐವತ್ತು ಸಲ ಒತ್ತಿದ ಮೇಲೂ ಹಾಗೇ ಇರುತ್ತದೆಯೇ. ಸುಮಿತ್ರಳನ್ನು ಮಲಗುವ ಕೋಣೆಯಲ್ಲಿ ಫೋನಿನಿಂದ ಅವಳದೇ ಆನ್‌ಲೈನ್ ತರಗತಿಗೆ ಸೇರಿಸಿ, ಹೆಡ್‌ಫೋನ್ ಹಾಕಿ ಕೂರಿಸಿ, ಲ್ಯಾಪ್‌ಟಾಪಿನ ಮೈಕಿನ ಪಕ್ಕದಲ್ಲಿ ಒತ್ತಿ, "ಇದು ಕೇಳಿಸ್ತಾ?" ಎಂದು ಕೂಗಿದೆ. "ಸ್ವಿಚ್ ಕೇಳಿಸ್ಲಿಲ್ಲ, ನೀವು ಕೇಳಿಸಿದ್ರಿ" ಎಂದಳು. ಈ ಮಾತನ್ನು ಅವತ್ತೇ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು. ನಾನು ಎಂಟನೇ ಸ್ವಿಚ್ಚಿಗೆ ಹೋದೆ.

ಕೊನೆಗೆ ಉಳಿದದ್ದು ರಬ್ಬರಿನ ಕೆಂಪು ಸ್ವಿಚ್ಚೊಂದೇ. ಮಿಕ್ಕ ಎಂಟು ಫೇಲು. ಅಭ್ಯಾಸ ನೋಡಿ, ಫೇಲಾದದ್ದಕ್ಕೆ ಗುರುತು ಹಾಕದಿದ್ದರೆ ನನಗೆ ಊಟ ಸೇರುವುದಿಲ್ಲ. ಕಾರ್ಖಾನೆಯ ಬಣ್ಣ ಮನೆಯಲ್ಲಿರಲಿಲ್ಲ. ಕನ್ನಡಿಯ ಮುಂದೆ ಸುಮಿತ್ರಳ ಕೆಂಪು ನೇಲ್ ಪಾಲಿಶ್ ಇತ್ತು. ಎಂಟು ಬಿಳಿ ಟೋಪಿಗಳ ಮೇಲೆ ಎಂಟು ಚುಕ್ಕೆ, ಅಂಚು ಮೀರದಂತೆ, ನೀಟಾಗಿ. ಮರುದಿನ ಪಟ್ಟಿಯನ್ನು ವಾಪಸು ಪಡೆದ ಬಸವರಾಜ ಒಂದು ಚುಕ್ಕೆಯನ್ನು ಉಗುರಿನಿಂದ ಕೆರೆದು ನೋಡಿದ. "ಸರ, ಇದು ಕಂಪನಿ ಮಾಲಲ್ರೀ, ನನ್ನ ಸ್ವಂತದ್ದು" ಅಂದ. ನನ್ನ ಮುಖ ಕೆಂಪಾಯಿತು, ಹೊಸ ಟೋಪಿ ತರಿಸಿಕೊಡುತ್ತೇನೆ ಅಂದೆ. ಅವನು ಬೇಡ ಅಂದ. ಅವನ ಯಂತ್ರದಲ್ಲಿ ಮಾಲು ಕೆಟ್ಟಾಗಲೆಲ್ಲ ನನ್ನ ವರದಿಯ 'ಕಾರಣ' ಕಾಲಮ್ಮಿನಲ್ಲಿ ನಾನು ಬರೆಯುವುದು ಒಂದೇ: ಯಂತ್ರ ಸರಿಯಿದೆ, ತಪ್ಪು ಆಪರೇಟರನದು. ಅದನ್ನು ಓದಿ ಓದಿ ಅವನಿಗೆ ತಾಳ್ಮೆ ಬಂದಿರಬೇಕು.

ಆ ಕೆಂಪು ಸ್ವಿಚ್ಚಿನ ಹೊಸ ಕೀಬೋರ್ಡ್ ಬಂದ ಸಂಜೆ ನಾನು ಮದುಮಗನಂತೆ ಸ್ನಾನ ಮಾಡಿ ಮೇಜಿಗೆ ಕೂತೆ. ಆ ಬದಿಯಲ್ಲಿ ಪಾಠ, ಈ ಬದಿಯಲ್ಲಿ ಚರಂಡಿಯ ಬಗ್ಗೆ ಅರ್ಜಿ. ಎರಡನೇ ಸಾಲು ಮುಗಿದಿರಲಿಲ್ಲ, ಅದೇ ಹುಡುಗಿ: "ಮಿಸ್, ಪಾಪ್‌ಕಾರ್ನ್ ಮತ್ತೆ ಶುರುವಾಯ್ತು." ಕೀಬೋರ್ಡಿನ ಕೆಳಗೆ ಟವೆಲ್ ಹಾಸಿದೆ. ಟವೆಲನ್ನು ಎರಡು ಮಡಿಕೆ ಮಾಡಿದೆ. ನನಗೆ ಬಂದದ್ದು ಕೆಟ್ಟ ಮಾಲು, ವಾಪಸು ಕಳಿಸಬೇಕು ಎಂದು ತೀರ್ಮಾನಿಸಿದೆ.

ಪಾಠ ಮುಗಿಸಿ ಸುಮಿತ್ರ ಬಂದು ನನ್ನ ಕುರ್ಚಿಯಲ್ಲಿ ಕೂತು, ನಾಳೆಯ ಲೆಕ್ಕಗಳನ್ನು ಒಂದು ಪುಟದಷ್ಟು ಟೈಪ್ ಮಾಡಿದಳು. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. "ಈಗ ನೀವು" ಅಂದಳು. ನಾನು ಕೂತೆ. ಮೇಜಿನ ಮೇಲಿನ ನೀರಿನ ಲೋಟ ನಡುಗಿತು. ನಾನು ಟೈಪಿಂಗ್ ಕಲಿತದ್ದು ಟೈಪ್‌ರೈಟರಿನಲ್ಲಿ, ನಾಲ್ಕು ಕಾರ್ಬನ್ ಪ್ರತಿ ತೆಗೆಯುವ ಕಾಲದಲ್ಲಿ. ಕೊನೆಯ ಪ್ರತಿಯಲ್ಲಿ ಅಕ್ಷರ ಮೂಡದಿದ್ದರೆ ಮೇಷ್ಟ್ರು ಬೆರಳಿಗೆ ಹೊಡೆಯುತ್ತಿದ್ದರು. ನಾಲ್ಕನೇ ಪ್ರತಿಗಾಗಿ ನಾನು ಇಂದಿಗೂ ಕುಟ್ಟುತ್ತಿದ್ದೇನೆ. ಸಾಲದ್ದಕ್ಕೆ ಕುಟ್ಟುವಾಗ ಅಕ್ಷರಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತೇನಂತೆ. ಒಂಬತ್ತು ಸ್ವಿಚ್ಚುಗಳನ್ನು ಐವತ್ತೈವತ್ತು ಸಲ ಪರೀಕ್ಷಿಸಿದ ನಾನು ಅವುಗಳನ್ನು ಒತ್ತಿದ ಬೆರಳನ್ನು ಒಂದು ಸಲವೂ ಪರೀಕ್ಷಿಸಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

"ನಿಮ್ಮ ವರದೀಲಿ ಏನೋ ಬರೀತೀರಲ್ಲ, ಯಂತ್ರ ಸರಿಯಿದೆ ಅಂತ?" ಎನ್ನುತ್ತ ಅವಳು ಎದ್ದು ಹೋಗಿ ನೇಲ್ ಪಾಲಿಶ್ ತಂದಳು. "ಕೈ ಕೊಡಿ." ಹತ್ತು ಬೆರಳಿಗೂ ಒಂದೊಂದು ಚುಕ್ಕೆಯಿಟ್ಟಳು, ಅಂಚು ಮೀರದಂತೆ, ನೀಟಾಗಿ. ಬೆಳಿಗ್ಗೆ ಕಾರ್ಖಾನೆಯಲ್ಲಿ ಎಷ್ಟು ಹೊತ್ತು ಕೈಯನ್ನು ಜೇಬಿನಲ್ಲಿಡಲಾದೀತು? ಬಸವರಾಜ ಕಂಡೇಬಿಟ್ಟ. ನನ್ನ ಬೆರಳುಗಳನ್ನು ಎಣಿಸಿ, ನಗು ತಡೆದುಕೊಂಡು ಕೇಳಿದ: "ಸರ, ಇದು ರಿಪೇರಿ ಆಗ್ತದೇನ್ರೀ, ಗುಜರೀಗೇ ಹೋಗ್ತದ?"

ರಿಪೇರಿ ನಡೆದಿದೆ. ದಿನಾ ಪಾಠಕ್ಕೆ ಮುಂಚೆ, ಸುಮಿತ್ರಳ ಕಣ್ಣೆದುರು, ಲೋಟದ ನೀರು ಅಲುಗದಂತೆ ಒಂದು ಪುಟ ಟೈಪ್ ಮಾಡುತ್ತೇನೆ. ಪಾಸಾದ ಬೆರಳಿನ ಚುಕ್ಕೆಯನ್ನು ಅವಳೇ ಅಳಿಸುತ್ತಾಳೆ. ಇಲ್ಲಿಯವರೆಗೆ ಪಾಸಾಗಿರುವುದು ಬಲಗೈಯ ತೋರುಬೆರಳೊಂದೇ. ಈ ಬರಹವನ್ನೆಲ್ಲ ಅದೊಂದರಿಂದಲೇ ಟೈಪ್ ಮಾಡಿದ್ದೇನೆ, ಬಾಯಿ ಮುಚ್ಚಿಕೊಂಡು. ಮೇಜಿನ ಆ ತುದಿಯಲ್ಲಿ ಭಿನ್ನರಾಶಿ ನಡೆಯುತ್ತಿದೆ. ಪಾಪ್‌ಕಾರ್ನ್ ಬಗ್ಗೆ ಇನ್ನೂ ಯಾರೂ ಕೇಳಿಲ್ಲ.