ದಕ್ಕೆಯ ಏಳನೆಯ ಜಾಗ ಖಾಲಿ ಇದೆ

ಕಲಸಾರಿ ಪುರಸಭೆಯ ಸಂತೆ ವಿಭಾಗದ ಮುಖ್ಯಸ್ಥರಾದ ತೈಸ್ತೊ ಅವರಿಗೆ ಸೋಮವಾರದವರೆಗೆ ಎಂ ಡ್ರೈವ್ ಕಾಣುತ್ತಿತ್ತು. ಮಂಗಳವಾರ ಅವರ ಅಧಿಕಾರವನ್ನು ಹೆಚ್ಚಿಸಿ, ಅವರನ್ನು ಕಂಪ್ಯೂಟರಿನಲ್ಲಿ ‘ಅಡ್ಮಿನ್’ ಮಾಡಲಾಯಿತು, ಕಾಣುವುದು ನಿಂತಿತು. ಪುರಸಭೆಯ ವರದಿಯಲ್ಲಿ ಇವೆರಡೂ ‘ಪ್ರಗತಿ’ ಎಂಬ ತಲೆಬರಹದ ಕೆಳಗೆ ನಮೂದಾಗಿವೆ.

ಎಂ ಡ್ರೈವ್ ಎಂದರೆ ಪುರಭವನದ ನೆಲಮಾಳಿಗೆಯ ದೊಡ್ಡ ಕಂಪ್ಯೂಟರಿನೊಳಗಿನ ಒಂದು ಕಪಾಟು. ಕಪಾಟು ಕೆಳಗಿದ್ದರೂ ಅದರ ಬಾಗಿಲು ಮೇಲಿನ ಮಹಡಿಯ ಪ್ರತಿ ಮೇಜಿನ ಪರದೆಯಲ್ಲೂ ಕಾಣುವಂತೆ ಏರ್ಪಾಟಾಗಿತ್ತು. ಅಕ್ಟೋಬರಿನ ಹೆರಿಂಗ್ ಮೀನಿನ ಸಂತೆಗೆ ದ್ವೀಪಗಳಿಂದ ಬರುವ ದೋಣಿಗಳಲ್ಲಿ ಯಾವುದನ್ನು ದಕ್ಕೆಯ ಯಾವ ಜಾಗದಲ್ಲಿ ಕಟ್ಟಬೇಕೆಂಬ ನಕ್ಷೆ ಅದರೊಳಗಿತ್ತು.

ಉಪ್ಪುಮೀನು ಮಾರುವ ಹಿಲ್ಕಾ ರೌತಿಯೊಳ ದೋಣಿಗೆ ಏಳನೆಯ ಜಾಗ. ಅವಳಮ್ಮನ ಕಾಲದಿಂದಲೂ ಅದೇ. ಇಗರ್ಜಿ ಬೀದಿಯ ಮೆಟ್ಟಿಲು ಇಳಿದವರು ಮೊದಲು ಎಡವುವುದೇ ಅಲ್ಲಿ. ವ್ಯಾಪಾರದ ಅರ್ಧವನ್ನು ಆ ಮೆಟ್ಟಿಲೇ ಮಾಡಿಕೊಡುತ್ತಿತ್ತು. ವರ್ಷದ ಸಂಪಾದನೆಯೆಲ್ಲ ಈ ಒಂದು ಸಂತೆಯದು. ಬೇಸಿಗೆಯಿಡೀ ಉಪ್ಪು ಹಾಕಿದ ಮೀನು ಪೀಪಾಯಿಗಳಲ್ಲಿ ತಯಾರಿತ್ತು. ಶುಕ್ರವಾರ ಸಂತೆ. ಬುಧವಾರ ಅವಳು ಮಂಜೂರಾತಿ ಚೀಟಿಗೆಂದು ಪುರಭವನಕ್ಕೆ ಬಂದಳು.

“ತಮ್ಮ ದೋಣಿ ನಕ್ಷೆಯಲ್ಲಿ ಇಲ್ಲ,” ಎಂದರು ತೈಸ್ತೊ. “ನಕ್ಷೆಯೂ ಇಲ್ಲ. ನಕ್ಷೆ ಇರಬೇಕಾದ ಡ್ರೈವೂ ಇಲ್ಲ.”

“ಇಲ್ಲೇ ಇದೆಯಲ್ಲ,” ಎಂದಳು ಪಕ್ಕದ ಮೇಜಿನ ಗುಮಾಸ್ತೆ ಸಿನಿಕ್ಕಾ, ತನ್ನ ಪರದೆಯಿಂದ ಕಣ್ಣು ಕೀಳದೆ. “ಏಳನೇ ಜಾಗ. ಹಿಲ್ಕಾ ರೌತಿಯೊ. ಉಪ್ಪು ಹೆರಿಂಗ್, ಕರಿ ಬ್ರೆಡ್ಡು.”

“ಸಿನಿಕ್ಕಾಗೆ ಕಾಣತ್ತೆ, ಆದರೆ ಮಂಜೂರು ಮಾಡೋ ಅಧಿಕಾರ ಇಲ್ಲ,” ಎಂದು ತೈಸ್ತೊ ವಿವರಿಸಿದರು. “ನನಗೆ ಅಧಿಕಾರ ಇದೆ, ಕಾಣಲ್ಲ.”

“ಕುರ್ಚಿ ಎರಡಡಿ ಸರಿಸಿ ಅವಳ ಪರದೆ ನೋಡಪ್ಪ, ಮಾರಾಯ,” ಎಂದಳು ಹಿಲ್ಕಾ.

“ಅಡ್ಮಿನ್ ಆದವನು ಸಾದಾ ನೌಕರರ ಪರದೆ ಇಣುಕುವಂತಿಲ್ಲ. ಭದ್ರತಾ ನಿಯಮ.”

ನೆಲಮಾಳಿಗೆಯಿಂದ ಕಂಪ್ಯೂಟರ್ ರಿಪೇರಿಯ ಯಾರ್ನೊನನ್ನು ಕರೆಸಲಾಯಿತು. ಅವನು ಕೀಲಿಮಣೆಯನ್ನು ಎರಡು ಸಲ ಕುಟ್ಟಿ, ಪೇಚಾಡದೆ ಹೇಳಿದ:

“ಏನೂ ಕೆಟ್ಟಿಲ್ಲ. ಮಷಿನ್ ಲೆಕ್ಕದಲ್ಲಿ ನೀನು ಇಬ್ಬರು. ಬೆಳಿಗ್ಗೆ ಬಂದು ಹೆಸರು ಹೊಡೆದು ಒಳಗೆ ಹೋಗೋನು ಸಾದಾ ತೈಸ್ತೊ. ಆ ಕಪಾಟಿನ ಬಾಗಿಲು ಅವನ ಹೆಸರಲ್ಲಿದೆ. ಮಂಜೂರಾತಿ ಪ್ರೋಗ್ರಾಮನ್ನ ಅಡ್ಮಿನ್ ಆಗಿ ತೆರೆದೆಯೋ, ನೀನು ಬೇರೆ ಮನುಷ್ಯ. ಅವನಿಗೆ ಇನ್ನೂ ಬಾಗಿಲು ಕೊಟ್ಟಿಲ್ಲ.”

“ಅವನಿಗೂ ಒಂದು ಕೊಟ್ಟುಬಿಡು,” ಎಂದಳು ಹಿಲ್ಕಾ.

“ಒಂದು ನಿಮಿಷದ ಕೆಲಸ. ಅಡ್ಮಿನ್ ತೈಸ್ತೊ ಅರ್ಜಿ ಹಾಕಲಿ.”

“ಈಗಲೇ ಹಾಕ್ತೀನಿ,” ಎಂದರು ತೈಸ್ತೊ. “ಅರ್ಜಿ ನಮೂನೆ ಎಲ್ಲಿದೆ?”

“ಎಂ ಡ್ರೈವಲ್ಲಿ.”

ತೈಸ್ತೊ ತೆರೆದಿದ್ದ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು.

“ನಾನು ಪ್ರಿಂಟ್ ತೆಗೆದು ಕೊಡ್ಲಾ?” ಎಂದಳು ಸಿನಿಕ್ಕಾ.

“ನೀನು ತೆಗೆದರೆ ಅದು ಸಾದಾ ಅರ್ಜಿ ಆಗತ್ತೆ,” ಎಂದು ಯಾರ್ನೊ ಕೆಳಗಿಳಿದು ಹೋದ.

ಅಷ್ಟರಲ್ಲಿ ಕಾಫಿ ಬಿಡುವಾಯಿತು. ಕಾಫಿ ಬಿಡುವು ನೌಕರರ ಒಪ್ಪಂದದಲ್ಲಿ ಬರೆದಿರುವ ಹಕ್ಕು. ಆ ಹೊತ್ತಿನಲ್ಲಿ ಯಾವ ಅಧಿಕಾರಿಯೂ ಅಧಿಕಾರಿಯಲ್ಲ. ತೈಸ್ತೊ ಕೊರಳಿನ ಅಧಿಕಾರದ ಬಿಲ್ಲೆ ಕಳಚಿ ಗೂಟಕ್ಕೆ ತೂಗುಹಾಕಿ, ಏಲಕ್ಕಿ ಬನ್ನು ಹಿಡಿದು ಸಿನಿಕ್ಕಾಳ ಕುರ್ಚಿಯ ಹಿಂದೆ ಬಂದು ನಿಂತ.

“ಏನೇ ಹಿಲ್ಕಾ, ಈ ಸಲ ಸಾಸಿವೆ ಹಾಕಿದ ಮೀನು ಮಾಡಿದ್ದೀಯಾ? ನಮ್ಮಮ್ಮ ಕೇಳ್ತಿದ್ದಳು. ಅರೆ, ಏಳನೇ ಜಾಗ ನಿಂದೇ ಇದೆಯಲ್ಲೇ ಇಲ್ಲಿ!”

“ಹಾಗಾದ್ರೆ ಸಹಿ ಹಾಕು.”

“ಈಗ ಹೇಗೆ ಹಾಕ್ಲಿ? ಈಗ ನಾನು ಅಡ್ಮಿನ್ ಅಲ್ವಲ್ಲ.”

ಬನ್ನು ಮುಗಿಯಿತು. ಬಿಲ್ಲೆ ಕೊರಳಿಗೆ ಬಂತು. “ತಾವು ಯಾವ ವಿಷಯವಾಗಿ ಬಂದಿದ್ದೀರಿ?” ಎಂದು ತೈಸ್ತೊ ಅವರು ವಿಚಾರಿಸಿದರು.

ಮರುದಿನ ಪುರಭವನದ ಬಾಗಿಲಿಗೆ ಪ್ರಕಟಣೆ ಅಂಟಿತು:

“ಅಡ್ಮಿನ್ ಪರದೆಯಲ್ಲಿ ಯಾರ ಹೆಸರೂ ಕಾಣದಿರುವುದರಿಂದ, ದಕ್ಕೆಯ ಎಲ್ಲ ಜಾಗಗಳೂ ಖಾಲಿ ಇರುವುದು ಆಡಳಿತದ ಗಮನಕ್ಕೆ ಬಂದಿದೆ. ಖಾಲಿ ಇರುವುದು ಪುರಸಭೆಯ ಆದಾಯಕ್ಕೆ ಹಾನಿಕರವಾದ್ದರಿಂದ, ಸದರಿ ಜಾಗಗಳನ್ನು ಪೂರ್ತಿ ಮುಂಗಡ ಪಾವತಿಸುವವರಿಗೆ ನೀಡಲಾಗುವುದು. ಈ ಹಿಂದೆ ಜಾಗ ಹೊಂದಿದ್ದೇವೆ ಎಂದು ಭಾವಿಸಿರುವವರು ಹಾಗೆ ಭಾವಿಸುವುದನ್ನು ನಿಲ್ಲಿಸತಕ್ಕದ್ದು.”

ಮಧ್ಯಾಹ್ನದೊಳಗೆ ರಾಜಧಾನಿಯ ಒಂದು ಕಂಪನಿ ಏಳನೆಯ ಜಾಗ ಹಿಡಿಯಿತು. ಅವರು ಮಾರುವುದು ಹೆಪ್ಪುಗಟ್ಟಿಸಿದ ಮೀನಿನ ತುಂಡು, ಜೊತೆಗೆ ಒಂದು ಬಲೂನು. ಆದರೂ ಮೆಟ್ಟಿಲಿನ ಬೆಲೆ ತಿಳಿದವರು.

ಸುದ್ದಿ ಕೇಳಿದ ಹಿಲ್ಕಾ ಅಳಲಿಲ್ಲ, ಕೂಗಾಡಲಿಲ್ಲ. ಪೀಪಾಯಿಯೊಂದರ ಮೇಲೆ ಕುಳಿತು ಯೋಚಿಸಿದಳು. ಪುರಸಭೆ ಕೊಡುವುದು ಚೀಟಿ, ಗಿರಾಕಿ ಬರುವುದು ಜಾಗಕ್ಕೆ. ಚೀಟಿ ಸಿಗುವಂತಿರಲಿಲ್ಲ. ಜಾಗವನ್ನು ಮಾತ್ರ ಯಾರೂ ಎತ್ತಿಕೊಂಡು ಹೋಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಂಪನಿಯವರು ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದಾಗ ಅವಳು ದೋಣಿ ತಂದು ಏಳನೆಯ ಜಾಗದಲ್ಲಿ ಕಟ್ಟಿದಳು. ಪೀಪಾಯಿ ತೆರೆದಳು, ಕರಿ ಬ್ರೆಡ್ಡು ಜೋಡಿಸಿದಳು. ಮೆಟ್ಟಿಲು ತನ್ನ ಕೆಲಸ ಶುರುಮಾಡಿತು.

ಬಲೂನುಗಳೊಂದಿಗೆ ಬಂದ ಕಂಪನಿಯ ಪ್ರತಿನಿಧಿ ನೇರ ಹೋಗಿ ತೈಸ್ತೊ ಅವರನ್ನು ಕರೆತಂದ. ಬಿಲ್ಲೆ ಕೊರಳಲ್ಲೇ ಇತ್ತು.

“ನೋಡಿ ಸ್ವಾಮಿ! ನಮ್ಮ ಜಾಗದಲ್ಲಿ ದೋಣಿ ಇದೆ!”

ತೈಸ್ತೊ ಕೈಯಲ್ಲಿನ ಯಂತ್ರವನ್ನು ಅಡ್ಮಿನ್ ಆಗಿ ತೆರೆದು ನೋಡಿದರು. “ಇದರಲ್ಲಿ ಯಾವ ದೋಣಿಯೂ ಇಲ್ಲ. ಏಳನೆಯ ಜಾಗ ಖಾಲಿ ಇದೆ.”

“ನಿಮ್ಮ ಮೂಗಿನ ಮುಂದೇನೇ ಇದೆಯಲ್ರೀ! ಮೀನಿನ ವಾಸನೆ ಹೊಡೀತಿದೆ!”

“ವಾಸನೆ ಆರೋಗ್ಯ ವಿಭಾಗಕ್ಕೆ ಸೇರಿದ್ದು.”

“ಇವಳನ್ನ ಎಬ್ಬಿಸಿ ಕಳಿಸಿ ಅಂದೆ!”

“ಯಾರನ್ನ?”

ಹಿಲ್ಕಾ ಕೈಯ ಉಪ್ಪು ಒರೆಸಿಕೊಂಡು ವಿನಯದಿಂದ ಕೇಳಿದಳು: “ಸಾಹೇಬ್ರೇ, ಈ ವರ್ಷದ ಬಾಡಿಗೆ ಎಲ್ಲಿ ಕಟ್ಟಲಿ?”

“ಖಾಲಿ ಜಾಗದಿಂದ ಬಾಡಿಗೆ ವಸೂಲಿ ಮಾಡಲು ನಿಯಮದಲ್ಲಿ ಅವಕಾಶವಿಲ್ಲ,” ಎಂದು ತೈಸ್ತೊ ಅವರು ಅವಳ ತಲೆಯ ಮೇಲಿಂದ ಸಮುದ್ರಕ್ಕೆ ತಿಳಿಸಿದರು. ಬಳಿಕ ಪ್ರತಿನಿಧಿಯ ಕಡೆ ತಿರುಗಿ, ಕಾಯ್ದಿರಿಸಿದ ಜಾಗವನ್ನು ಸಂತೆಯ ದಿನ ಖಾಲಿ ಬಿಟ್ಟಿದ್ದಕ್ಕೆ ಕಂಪನಿಗೆ ದಂಡ ಹಾಕಿದರು.

ಪ್ರತಿನಿಧಿಯ ಕೈಯಿಂದ ಒಂದು ಬಲೂನು ಜಾರಿ ಮೇಲೆ ಹೋಯಿತು. ಅದನ್ನು ಎಲ್ಲರೂ ನೋಡಿದರು.

ಕಾಫಿ ಬಿಡುವಿನಲ್ಲಿ ತೈಸ್ತೊ ಬಿಲ್ಲೆಯನ್ನು ಜೇಬಿಗಿಳಿಸಿ ಮತ್ತೆ ಬಂದ.

“ಅಯ್ಯೋ, ಯಾವಾಗ ಬಂದೆಯೇ? ಎರಡು ಡಬ್ಬಿ ಸಾಸಿವೆದು ಕೊಡು. ರೇಟಲ್ಲಿ ಏನಾದ್ರೂ ಬಿಡ್ತೀಯಾ?”

“ಸಾದಾ ತೈಸ್ತೊಗೆ ಬಿಡಲ್ಲ. ಅಡ್ಮಿನ್ ತೈಸ್ತೊ ಬಂದು ಕೇಳಿದ್ರೆ ನೋಡೋಣ.”

“ಅವನು ಬಂದ್ರೆ ನೀನೇ ಇರಲ್ವಲ್ಲೇ,” ಎಂದು ಅವನು ಪೂರ್ತಿ ದುಡ್ಡು ಕೊಟ್ಟು ಹೋದ.

ಮಧ್ಯಾಹ್ನದ ಹೊತ್ತಿಗೆ ಉಳಿದ ದೋಣಿಯವರೂ ಹಿಂದಿನಿಂದಲೂ ತಮ್ಮದಾಗಿದ್ದ ಜಾಗಗಳಿಗೆ ಬಂದು, ತಾವು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ದೋಣಿ ಕಟ್ಟಿಕೊಂಡರು.

ಸಂತೆ ಮುಗಿದ ಮೇಲೆ ಪುರಸಭೆಯಲ್ಲಿ ವರದಿ ಮಂಡನೆಯಾಯಿತು: “ಈ ವರ್ಷ ದಕ್ಕೆಯಲ್ಲಿ ಒಂದು ದೋಣಿಯೂ ಇರಲಿಲ್ಲ. ಬಂದ ಜನ ಹಿಂದೆಂದಿಗಿಂತ ಹೆಚ್ಚು. ಎಲ್ಲರೂ ಮೀನು ಚೆನ್ನಾಗಿತ್ತೆಂದರು.” ಯಾರ್ನೊ ಎದ್ದು, ಅಡ್ಮಿನ್‌ಗೂ ಬಾಗಿಲು ಕಾಣುವಂತೆ ಮಾಡಲು ದಾರಿ ಇದೆ, ನಮೂನೆಯೂ ಬೇಕಿಲ್ಲ ಎಂದ. ಸಭೆ ಅವನಿಗೆ ವಂದನೆ ಸಲ್ಲಿಸಿ ಕೂರಿಸಿತು. ಬಳಿಕ ಮುಂದೆ ತೊಂದರೆಗಳೇ ಇರಬಾರದೆಂದು ಎಲ್ಲ ಸದಸ್ಯರಿಗೂ ಅಡ್ಮಿನ್ ಅಧಿಕಾರ ನೀಡುವ ನಿರ್ಣಯ ಒಮ್ಮತದಿಂದ ಪಾಸಾಯಿತು. ಅಂದಿನಿಂದ ಅವರಿಗೆ ಯಾವ ತೊಂದರೆಯೂ ಕಂಡಿಲ್ಲ.

ಸಿನಿಕ್ಕಾಗೆ ಮಾತ್ರ ಬಡ್ತಿ ಸಿಗಲಿಲ್ಲ. ಪ್ರತಿ ಅಕ್ಟೋಬರಿನಲ್ಲಿ ಅವಳು ಹಿಲ್ಕಾಗೆ ಫೋನು ಮಾಡುತ್ತಾಳೆ.

“ಏಳರಲ್ಲಿ ನಿನ್ನ ಹೆಸರು ಹಾಗೇ ಇದೆ ಕಣೇ.”

“ಇರ್ಲಿ. ಯಾರಿಗೂ ತೋರಿಸ್ಬೇಡ.”