ಕಾರು ಪಿಸ್ಕಾಟವೇಯಲ್ಲಿ, ಕೀಲಿ ಹಡಗಿನಲ್ಲಿ

ಕಂಟೇನರಿಗೆ ಸಾಮಾನು ತುಂಬಿಸುವುದು ಎಂಥ ಮಹಾವಿದ್ಯೆ? ನಾನು ಎಂಜಿನಿಯರ್. ಮೂರು ಸಲ ಮನೆ ಬದಲಾಯಿಸಿದವನು. ಸೂಟ್‌ಕೇಸನ್ನು ಕೈಯಲ್ಲಿ ಎತ್ತಿಯೇ ತೂಕ ಹೇಳಬಲ್ಲವನು. ಆದ್ದರಿಂದ ಪಕ್ಕದ ಮನೆಯ ವೊರ್ಲು, "ಬ್ರದರ್, ಶನಿವಾರ ನಮ್ಮ ಸಂಘದ ಕಂಟೇನರ್ ಹೊರಡುತ್ತೆ, ಸ್ವಲ್ಪ ಕೈ ಜೋಡಿಸ್ತೀಯಾ?" ಎಂದಾಗ, "ಲೋಡಿಂಗ್ ಜವಾಬ್ದಾರಿ ಪೂರ್ತಿ ನನಗೆ ಬಿಡು" ಎಂದುಬಿಟ್ಟೆ.

"ಕರೆದಿದ್ದು ಡಬ್ಬ ಎತ್ತೋಕೆ ರೀ, ಪ್ರಾಜೆಕ್ಟ್ ನಡೆಸೋಕಲ್ಲ" ಎಂದಳು ಹೆಂಡತಿ ವಸುಧಾ. ಆ ಶನಿವಾರ ಅವಳು ದೂರದ ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿರುವ ಅಕ್ಕನ ಮನೆಗೆ ಹೋಗುವವಳಿದ್ದಳು. ನನ್ನ ಕಾರಿನ ಸ್ಪೇರ್ ಕೀಲಿ ಅವಳ ಪರ್ಸಿನಲ್ಲಿತ್ತು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಂಡಿರಲಿಲ್ಲ.

ವೊರ್ಲು ಇಕ್ವೆರೆ ಜನಾಂಗದವನು. ಅವರ ಊರುಗಳು ನೈಜೀರಿಯಾದ ಪೋರ್ಟ್ ಹಾರ್ಕೋರ್ಟ್ ಸುತ್ತಮುತ್ತ. ನಮ್ಮಂತೆಯೇ ಪರದೇಶಕ್ಕೆ ಬಂದು ಪಿಸ್ಕಾಟವೇಯಲ್ಲಿ ನೆಲೆಸಿರುವ ಅವರೆಲ್ಲ ಸೇರಿ ಊರಿನಲ್ಲೊಂದು ಹೆರಿಗೆ ಆಸ್ಪತ್ರೆ ಕಟ್ಟಿಸಿದ್ದಾರೆ, ಪಕ್ಕದ ಶಾಲೆಗೊಂದು ಲೈಬ್ರರಿ. ಕಟ್ಟಡಗಳು ಎದ್ದಿದ್ದವು, ಮಂಚಗಳು, ಪುಸ್ತಕಗಳು ಹೋಗಬೇಕಿತ್ತು. ನಾನೂ ನಮ್ಮ ಕನ್ನಡ ಸಂಘದ ಕಮಿಟಿಯಲ್ಲಿದ್ದವನೇ. ಯುಗಾದಿ ಊಟದ ಹೋಳಿಗೆ ಕಡಲೆಬೇಳೆಯದೋ ತೊಗರಿಬೇಳೆಯದೋ ಎಂದು ಮೂರು ಮೀಟಿಂಗ್ ನಡೆಸಿದ್ದೆವು. ತೀರ್ಮಾನ ಆಗಲಿಲ್ಲ!

ಶನಿವಾರ ಚರ್ಚಿನ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಕಂಟೇನರ್ ಹೊತ್ತ ಟ್ರಕ್ ನಿಂತಿತ್ತು. ಹೊರಹೋಗಲು ಒಂದೇ ಕಿರಿದಾದ ದಾರಿ. ಅಲ್ಲಿ ಯಾರಾದರೂ ಬುದ್ಧಿಗೇಡಿಗಳು ಕಾರು ನಿಲ್ಲಿಸಿಬಿಟ್ಟರೆ? ಆ ಅಪಾಯವನ್ನು ಮೊದಲೇ ಊಹಿಸಿ, ಜಾಗ ಕಾಯ್ದಿರಿಸಲೆಂದು ನನ್ನ ಕಾರನ್ನೇ ಟ್ರಕ್ಕಿನ ಮೂತಿಗೆ ಅಡ್ಡಲಾಗಿ ನಿಲ್ಲಿಸಿದೆ.

ಸಂಘದ ಪರವಾಗಿ ಸಾಮಾನಿನ ಪಟ್ಟಿ ಹಿಡಿದಿದ್ದವರು ಗ್ಲೋರಿ ಆಂಟಿ, ನಿವೃತ್ತ ನರ್ಸ್. "ಮೂರು ಗಂಟೆಯೊಳಗೆ ಇದು ಬಂದರು ಸೇರಬೇಕು" ಎಂದರು. "ಈ ಹಡಗು ತಪ್ಪಿದ್ರೆ ಹೆರಿಗೆ ಮಂಚ ಇಲ್ಲ. ಮಂಚ ಇಲ್ದೆ ಆಸ್ಪತ್ರೆ ತೆರೆಯೋಲ್ಲ. ಬಸುರಿಯರು ನಮ್ಮ ಹಡಗಿಗೋಸ್ಕರ ಕಾಯ್ತಾರಾ?"

ಆ ಸಂಘದವರ ಕೆಲಸ ನೋಡಬೇಕಿತ್ತು. ಪ್ರೊಫೆಸರ್ ಒಬ್ಬರು ಮಂಚದ ಕಾಲು ಬಿಚ್ಚುತ್ತಿದ್ದರು, ಟ್ಯಾಕ್ಸಿ ಓಡಿಸುವವರು ಅವರಿಗೆ ಬುದ್ಧಿ ಹೇಳುತ್ತಿದ್ದರು, ಪ್ರೊಫೆಸರ್ ಕೇಳುತ್ತಿದ್ದರು! ಕಂಟೇನರಿನ ನೆಲದ ತುಂಬ ಪುಸ್ತಕದ ಪೆಟ್ಟಿಗೆಗಳು. ಅವನ್ನು ತುಳಿದುಕೊಂಡೇ ಒಳಗೆ ಹೋಗಬೇಕು. ಪುಸ್ತಕದ ಮೇಲೆ ಶೂ ಕಾಲು? ಅಪ್ಪ ಕಿವಿ ಹಿಂಡಿ ಕಲಿಸಿದ ಪಾಠ ಪಿಸ್ಕಾಟವೇಯಲ್ಲೂ ಕೆಲಸ ಮಾಡಿತು. ಬಾಗಿಲ ಬಳಿ ಶೂ ಬಿಚ್ಚಿಟ್ಟೆ. ಭಕ್ತಿಯಿಂದಲೋ ಬರಿಯ ಅಭ್ಯಾಸದಿಂದಲೋ, ಈಗ ಹೇಳಲಾರೆ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಪೆಟ್ಟಿಗೆಗಳ ಸಂದಿಯಲ್ಲಿ ಬಿದ್ದುಹೋದೀತೆಂದು ಕಾರಿನ ಕೀಲಿಯನ್ನು ಜಾಗ್ರತೆಯಾಗಿ ಶೂ ಒಳಗಿಟ್ಟೆ. ಇದು ಮಾತ್ರ ಖಂಡಿತ. ಡೈರಿಯಲ್ಲಿ 'ಜಾಗ್ರತೆಯಾಗಿ' ಎಂದೇ ಬರೆದಿದ್ದೇನೆ.

ದಾನಕ್ಕೆ ಬಂದ ಹಳೆಯ ಶೂಗಳ ರಾಶಿ, ಅವನ್ನು ತುಂಬುವ ಡ್ರಮ್ಮು, ಎರಡೂ ಬಾಗಿಲ ಬಳಿಯೇ ಇದ್ದವು. ಒಳಗೆ ನಿಂತು ಆಜ್ಞೆಗಳನ್ನು ಹೊರಡಿಸಿದೆ. ಕೊನೆಯದು ಹೀಗಿತ್ತು: "ಬಾಗಿಲ ಹತ್ತಿರ ಇರೋ ಶೂಗಳನ್ನೆಲ್ಲಾ ದಾನದ ಡ್ರಮ್ಮಿಗೆ ತುಂಬಿ!"

ತುಂಬಿದರು. ಶಿಸ್ತಿನ ಜನ.

ನಾನು ಕೆಳಗಿಳಿದೆ, ಬಾಗಿಲು ಮುಚ್ಚಿತು. ಟ್ರಕ್ಕಿನ ಡ್ರೈವರ್ ಬಾಗಿಲಿಗೆ ನಂಬರಿದ್ದ ಸೀಲ್ ಜಡಿದು, ಆ ನಂಬರನ್ನು ಸಾಗಣೆಯ ಕಾಗದಗಳಿಗೆ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಾಗಿ ವಂದಿಸಿದೆ. ಬಾಗಿದಾಗ ನನ್ನ ಸಾಕ್ಸ್ ಕಾಣಿಸಿತು.

"ಅಡ್ಡ ನಿಂತಿರೋ ಕಾರು ಯಾರದ್ದು?" ಎಂದು ಡ್ರೈವರ್ ಕೂಗಿದ.

ವಸುಧಾಗೆ ಫೋನ್ ಮಾಡಿದೆ.

"ಕೀಲಿ ಎಲ್ಲಿದೆ ರೀ?"

"ಶೂನಲ್ಲಿ."

"ಶೂ?"

"ಆಫ್ರಿಕಾಗೆ ಹೊರಟಿದೆ."

"ಕಾರಾದ್ರೂ ಅಲ್ಲೇ ಇದೆ ತಾನೇ?"

"ಅದೇ ಪ್ರಾಬ್ಲಮ್ಮು!"

ಅವಳು ಸ್ಪೇರ್ ಕೀಲಿ ಹಿಡಿದು ಹೊರಟರೂ ಟ್ರಾಫಿಕ್ಕಿನಲ್ಲಿ ಎರಡು ಗಂಟೆ. ಸೀಲ್ ಒಡೆದರೆ ಕಾಗದಗಳೆಲ್ಲ ಹೊಸದಾಗಬೇಕು, ಅದು ಸೋಮವಾರದ ಮಾತು. ಗಂಟೆ ಒಂದೂವರೆ. ಒಂದು ಊರಿನ ಹೆರಿಗೆ ಆಸ್ಪತ್ರೆಗೂ ಸಮುದ್ರಕ್ಕೂ ನಡುವೆ ನನ್ನ ಹಳೆಯ ಕಾರು ನಿಂತಿತ್ತು. ನಮ್ಮ ಸಂಘವಾಗಿದ್ದರೆ ಇಷ್ಟರಲ್ಲಿ ನನ್ನ ರಾಜೀನಾಮೆ ಕೇಳಿ, ಹೊಸ ಸಂಘವೂ ಒಂದು ಹುಟ್ಟಿಕೊಂಡಿರುತ್ತಿತ್ತು.

ಗ್ಲೋರಿ ಆಂಟಿ ನನ್ನ ಪಾದಗಳನ್ನು ನೋಡಿದರು. ಕಾರನ್ನು ನೋಡಿದರು. "ಈಗ ಯಾರೂ ಬೈಬೇಡಿ. ಬೈಯೋದು ಆಮೇಲೆ. ಈಗ ಎತ್ತಿ" ಎಂದರು.

ಪ್ರೊಫೆಸರ್, ಟ್ಯಾಕ್ಸಿಯವರು, ವೊರ್ಲು, ಅವನ ಅತ್ತಿಗೆ, ಎಲ್ಲರೂ ಕಾರನ್ನು ಸುತ್ತುವರಿದರು. ಒಬ್ಬರು ತಮ್ಮ ಭಾಷೆಯಲ್ಲಿ ಒಂದು ಸಾಲು ಕೂಗಿದರು, ಉಳಿದವರು ಓಗೊಟ್ಟರು. ಪ್ರತಿ ಕೂಗಿಗೂ ಕಾರು ಕುಣಿದು ಅಂಗುಲಂಗುಲವಾಗಿ ಪಕ್ಕಕ್ಕೆ ಸರಿಯಿತು. ಎತ್ತಿದವರು ಎಂಟು ಜನ ಎನ್ನುತ್ತದೆ ಡೈರಿ. ನನ್ನ ನೆನಪಿನಲ್ಲಿ ಹನ್ನೆರಡು. ಅಲ್ಲಿ ಇರದಿದ್ದ ವಸುಧಾ ಇಪ್ಪತ್ತು ಎನ್ನುತ್ತಾಳೆ. ನಾನೂ ಎತ್ತಲು ಹೋದೆ. "ನೀನು ಬೇಡ ಬ್ರದರ್, ಪ್ಲೀಸ್" ಎಂದ ವೊರ್ಲು.

ಟ್ರಕ್ ಹೊರಟಿತು. ಮೂರಕ್ಕೆ ಹತ್ತು ನಿಮಿಷ ಇರುವಾಗ ಬಂದರು ಸೇರಿತೆಂದು ಸುದ್ದಿ ಬಂತು. ಆಮೇಲೆ ಬೈಯುತ್ತಾರೆಂದು ಕಾದು ಕೂತೆ. ಒಂದು ತಟ್ಟೆ ತುಂಬ ಅನ್ನ, ಬೇಯಿಸಿದ ಬಾಳೆಹಣ್ಣು ತಂದುಕೊಟ್ಟರು. ಬೈದಿದ್ದರೇ ವಾಸಿಯಿತ್ತು.

ಕೆಲವು ತಿಂಗಳ ನಂತರ ಆಸ್ಪತ್ರೆಯ ಉದ್ಘಾಟನೆಯನ್ನು ವೊರ್ಲುವಿನ ಮನೆಯ ಟಿವಿಯಲ್ಲಿ ವೀಡಿಯೋ ಕಾಲಿನಲ್ಲಿ ಎಲ್ಲರೂ ನೋಡಿದೆವು. ಆ ಮಂಚದ ಮೇಲೆ ಆಗಲೇ ಒಬ್ಬ ತಾಯಿ, ಪಕ್ಕದಲ್ಲಿ ಮುಷ್ಟಿಯಷ್ಟು ಮುಖದ ಮಗು. ನನ್ನ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಶಾಲೆಯ ಹೆಡ್‌ಮಾಸ್ಟರು, ಕಾಲಲ್ಲಿ ನನ್ನ ಶೂ, ಬಂದ ಸಾಮಾನಿನ ಪಟ್ಟಿ ಓದಿದರು. ಕೊನೆಯ ಸಾಲನ್ನು ಬಹಳ ಗಂಭೀರವಾಗಿ ಓದಿದರು: "ಆಂಬುಲೆನ್ಸ್. ಕೀಲಿ ತಲುಪಿದೆ. ವಾಹನದ ನಿರೀಕ್ಷೆಯಲ್ಲಿದ್ದೇವೆ."

ಎರಡೂ ಖಂಡಗಳು ಒಟ್ಟಿಗೆ ನಕ್ಕವು.

"ಕೊಟ್ಟುಬಿಡಿ ರೀ" ಎಂದಳು ವಸುಧಾ. "ಆದ್ರೆ ನಿಮ್ಮ ಕಾರು ಆಂಬುಲೆನ್ಸ್ ಆದ್ರೆ ಪೇಷೆಂಟೇ ಇಳಿದು ತಳ್ಳಬೇಕಾಗುತ್ತೆ."

ಮುಂದಿನ ಕಂಟೇನರ್ ಈ ತಿಂಗಳ ಕೊನೆಗೆ ಹೊರಡುತ್ತದೆ. ಇಷ್ಟೆಲ್ಲ ಆದ ಮೇಲೂ ಅವರು ನನ್ನನ್ನು ಕೈಬಿಟ್ಟಿಲ್ಲ. ಗ್ಲೋರಿ ಆಂಟಿ ತಾವೇ ಫೋನ್ ಮಾಡಿ ನನಗೊಂದು ಜವಾಬ್ದಾರಿ ವಹಿಸಿದ್ದಾರೆ.

ಬಸ್ಸಿನಲ್ಲಿ ಬರುವುದು.